ಅಕ್ರೊಪಾಂಗ್ ಶಾಲೆಯನ್ನು ಉಳಿಸಿದವರು

ಬಾಸೆಲ್ ಮಿಶನ್ ಎಂದರೆ ಕರಾವಳಿಯವರಿಗೂ ಧಾರವಾಡ, ಹುಬ್ಬಳ್ಳಿ ಕಡೆಯವರಿಗೂ ನೆನಪಾಗುವುದು ಹೆಂಚಿನ ಕಾರ್ಖಾನೆ, ಶಾಲೆಗಳು, ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, ಕಿಟೆಲ್ ಅವರ ನಿಘಂಟು. ಆದರೆ 1834ರಲ್ಲಿ ಮಂಗಳೂರಿಗೆ ಬರುವ ಆರು ವರ್ಷ ಮೊದಲೇ ಈ ಸಂಸ್ಥೆ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಜನರನ್ನು ಕಳಿಸಿತ್ತು. ಹೊರಗಿನವರು ಬಂದು ಹಳ್ಳಿಯೊಂದರಲ್ಲಿ ಶಾಲೆ ತೆರೆದರೆ ಅದು ಯಾವಾಗ ಊರಿನದಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದಕ್ಕೆ ಅಲ್ಲಿನ ಇತಿಹಾಸಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಆರಂಭ ಭೀಕರವಾಗಿತ್ತು. 1828ರಿಂದ ಹತ್ತು ವರ್ಷಗಳಲ್ಲಿ ಹೋದ ಒಂಬತ್ತು ಮಿಶನರಿಗಳಲ್ಲಿ ಎಂಟು ಮಂದಿ ಜ್ವರಕ್ಕೆ ಬಲಿಯಾದರು. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಬದುಕಿಸಿದ್ದೂ ಯುರೋಪಿನ ಔಷಧವಲ್ಲ, ಸ್ಥಳೀಯ ನಾಟಿ ವೈದ್ಯರೊಬ್ಬರ ಆರೈಕೆ. ಚೇತರಿಸಿಕೊಂಡ ರೀಸ್ 1835ರಲ್ಲಿ ಕಡಲತೀರ ಬಿಟ್ಟು ಅಕ್ವಾಪೆಮ್ ಬೆಟ್ಟಸಾಲಿನ ಅಕ್ರೊಪಾಂಗ್ ಎಂಬ ಊರಿಗೆ ಹೋಗಿ ನೆಲೆಸಿದರು. ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡರು. ಊರವರು ಅವರನ್ನು ‘ಮನೆ ಕಟ್ಟುವವ’ ಎಂದೇ ಕರೆದರು. ಐದು ವರ್ಷ ಕಳೆದರೂ ಒಬ್ಬರೂ ಕ್ರೈಸ್ತರಾಗಲಿಲ್ಲ.

ಅಕ್ರೊಪಾಂಗ್‌ನ ಅರಸ ಅಡ್ಡೊ ಡಾಂಕ್ವಾ ಆಗ ರೀಸ್ ಅವರ ಮುಂದಿಟ್ಟ ಮಾತು ಘಾನಾದಲ್ಲಿ ಇಂದಿಗೂ ಹೇಳಿಕೆಯಲ್ಲಿದೆ: ನಿಮ್ಮ ಗ್ರಂಥ ಓದಬಲ್ಲ ಕಪ್ಪು ಜನರನ್ನು ತೋರಿಸಿ, ಆಮೇಲೆ ನಿಮ್ಮ ಮಾತು ಕೇಳುತ್ತೇವೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಮಿಶನ್ ಕೆರಿಬಿಯನ್ ದ್ವೀಪಗಳಿಗೆ ಹೋಯಿತು. ಗುಲಾಮಗಿರಿಯಿಂದ ಬಿಡುಗಡೆಗೊಂಡ ಜಮೈಕಾದ ಆರು ಕುಟುಂಬಗಳು ಮತ್ತು ಕೆಲವು ಯುವಕರು, ಆಂಟಿಗುವಾದ ಒಬ್ಬರು, ಹೀಗೆ ಒಟ್ಟು 24 ಮಂದಿ 1843ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಹಡಗಿಳಿದರು. ಅದೇ ವರ್ಷದ ಜುಲೈನಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು.

ಹೀಗೆ ಬಂದ ದ್ವೀಪದವರ ಬದುಕು ಸುಲಭವಾಗಿರಲಿಲ್ಲ. ಮನೆ, ಜಮೀನು, ಕೆಲಸ ಕೊಡುವ ಭರವಸೆ ಇತ್ತು, ಐದು ವರ್ಷದ ನಂತರ ಬೇಕಾದರೆ ಹಿಂದಿರುಗಬಹುದೆಂಬ ಒಪ್ಪಂದವೂ ಇತ್ತು. ಆದರೆ ರೀಸ್ ಅವರ ದರ್ಪದ ನಡವಳಿಕೆಯಿಂದ ಜಗಳಗಳಾದವು, ತಮ್ಮ ಮೇಲೆ ಬಂದ ಆರೋಪಗಳಿಂದ ಅವರು ಯುರೋಪಿಗೆ ವಾಪಸಾಗಬೇಕಾಯಿತು. ದ್ವೀಪದವರಲ್ಲೂ ಕೆಲವರು ಜಮೈಕಾಕ್ಕೆ ಮರಳಿದರು. ಉಳಿದವರು ಕಲ್ಲಿನ ಮನೆ ಕಟ್ಟಿದರು, ಮಾವು, ಬೆಣ್ಣೆಹಣ್ಣು, ಕೆಸುವಿನ ಗೆಡ್ಡೆ ನೆಟ್ಟರು, ಶಾಲೆಯಲ್ಲಿ ಪಾಠ ಹೇಳಿದರು. 1848ರಲ್ಲಿ ಐವರು ವಿದ್ಯಾರ್ಥಿಗಳೊಂದಿಗೆ ಅಕ್ರೊಪಾಂಗ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆ ಆರಂಭವಾಯಿತು. ಅದು ಇಂದಿಗೂ ಪ್ರೆಸ್ಬಿಟೇರಿಯನ್ ಶಿಕ್ಷಣ ಕಾಲೇಜಾಗಿ ನಡೆಯುತ್ತಿದೆ.

1843ರಲ್ಲಿ ಬಂದ ಗುಂಪಿನಲ್ಲಿದ್ದ ಕ್ಯಾಥರೀನ್ ಮಲ್ಗ್ರೇವ್ ಅವರ ಕಥೆಯನ್ನು ಯಾವ ಕಾದಂಬರಿಕಾರನೂ ಊಹಿಸಲಾರ. ಅಂಗೋಲಾದಲ್ಲಿ ಹುಟ್ಟಿದ ಹುಡುಗಿ. ಗುಲಾಮರ ವ್ಯಾಪಾರಿಗಳು ಹೊತ್ತೊಯ್ಯುತ್ತಿದ್ದ ಹಡಗು ಜಮೈಕಾದ ಬಳಿ ಒಡೆದದ್ದರಿಂದ ಬಿಡುಗಡೆ ಕಂಡು, ಅಲ್ಲಿನ ಗವರ್ನರ್ ಆಶ್ರಯದಲ್ಲಿ ಓದಿ ಶಿಕ್ಷಕಿಯಾದವರು. ಆಫ್ರಿಕಾಕ್ಕೆ ಮರಳಿ ಗೋಲ್ಡ್ ಕೋಸ್ಟ್ ಕಡಲತೀರದ ಕ್ರಿಸ್ಟಿಯಾನ್ಸ್‌ಬೋರ್ಗ್‌ನಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸಿದರು. ಮೊದಲ ಮದುವೆ ಮುರಿದ ಮೇಲೆ 1851ರಲ್ಲಿ ಜರ್ಮನ್ ಮಿಶನರಿ ಯೊಹಾನೆಸ್ ಸಿಮ್ಮರ್‌ಮನ್ ಅವರನ್ನು ಮದುವೆಯಾದರು. ಬಾಸೆಲ್‌ನ ಹಿರಿಯರಿಗೆ ಅದು ಹಿಡಿಸಲಿಲ್ಲ, ಆದರೂ ದಂಪತಿ ಜಗ್ಗಲಿಲ್ಲ. ಮಿಶನರಿ ಚರಿತ್ರೆಯ ಪುಟಗಳಲ್ಲಿ ಇಂಥ ಶಿಕ್ಷಕಿಯರಿಗೆ ಸಿಕ್ಕ ಜಾಗ ಬಹಳ ಕಡಿಮೆ. ಅದನ್ನು ಸರಿಪಡಿಸಬೇಕಾದದ್ದು ಇಂದಿನ ಬರಹಗಾರರ ಕರ್ತವ್ಯ.

ಕಿಟೆಲ್ ಅವರು ಕರ್ನಾಟಕಕ್ಕೆ ಬಂದ 1853ರಲ್ಲೇ ಮಿಶನರಿ ಯೊಹಾನ್ ಗಾಟ್ಲೀಬ್ ಕ್ರಿಸ್ಟಾಲರ್ ಅಕ್ರೊಪಾಂಗ್‌ಗೆ ಹೋದರು. ಅವರ ದುಡಿಮೆಯಿಂದ ಅಲ್ಲಿನ ತ್ವಿ ಭಾಷೆಯಲ್ಲಿ ಇಡೀ ಬೈಬಲ್ 1871ರಲ್ಲಿ ಬಂತು, ವ್ಯಾಕರಣ 1875ರಲ್ಲಿ, 3,600 ಗಾದೆಗಳ ಸಂಗ್ರಹ 1879ರಲ್ಲಿ, ನಿಘಂಟು 1881ರಲ್ಲಿ. ಡೇವಿಡ್ ಅಸಾಂಟೆ, ಥಿಯೋಫಿಲಸ್ ಒಪೊಕು ಮೊದಲಾದ ಸ್ಥಳೀಯ ವಿದ್ವಾಂಸರು ಜೊತೆಗಿಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಫಲವಾಗಿ ಹಳ್ಳಿಯ ಮಗು ಮೊದಲ ಪಾಠವನ್ನು ಮನೆಮಾತಿನಲ್ಲೇ ಓದುವಂತಾಯಿತು. ಶಾಲೆಯ ಜೊತೆಗೆ ಕಸುಬೂ ಇತ್ತು. ಮಿಶನ್ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾರ್ಶಿ 1870ರ ದಶಕದಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೋಕೊ ಬೀಜ ತಂದು, ಅಕ್ರೊಪಾಂಗ್‌ಗೆ ಹತ್ತಿರದ ಮಾಂಪಾಂಗ್‌ನಲ್ಲಿ ಬೆಳೆದರು. ಮುಂದೆ ಇಡೀ ದೇಶದ ಆರ್ಥಿಕತೆ ನಿಂತದ್ದು ಆ ಬೆಳೆಯ ಮೇಲೆ.

ಹಾಗೆಂದು ಮಿಶನ್‌ನ ತಪ್ಪುಗಳನ್ನು ಮುಚ್ಚಿಡುವುದು ಸರಿಯಲ್ಲ. ಕ್ರೈಸ್ತರಾದವರನ್ನು ‘ಸೇಲಂ’ ಎಂಬ ಪ್ರತ್ಯೇಕ ಕೇರಿಯಲ್ಲಿ ಇರಿಸಿದ್ದರಿಂದ ಊರು ಎರಡಾಯಿತು, ಅಣ್ಣತಮ್ಮಂದಿರ ನಡುವೆಯೂ ಗೆರೆ ಬಿತ್ತು. ಡೋಲು, ಕುಣಿತ, ಹಬ್ಬಗಳೆಲ್ಲ ಅಜ್ಞಾನವೆಂದು ಎಣಿಸಲ್ಪಟ್ಟವು. ಆ ಮನೋಭಾವ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, 1930ರ ದಶಕದಲ್ಲಿ ಅಕ್ರೊಪಾಂಗ್ ಕಾಲೇಜಿನ ಸಂಗೀತ ಶಿಕ್ಷಕ ಎಫ್ರೈಮ್ ಅಮು ಕೋಟು ಬಿಟ್ಟು ಊರಿನ ಉಡುಪು ತೊಟ್ಟು ಚರ್ಚಿನಲ್ಲಿ ಬೋಧನೆ ಮಾಡಿದ್ದೇ ಅಪರಾಧವಾಯಿತು. 1933ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅದೇ ಅಮು ರಚಿಸಿದ ದೇಶಭಕ್ತಿ ಗೀತೆಯನ್ನು ಇಂದು ಘಾನಾದ ಮಕ್ಕಳೆಲ್ಲ ಹಾಡುತ್ತಾರೆ. ಅವರನ್ನು ಹೊರಹಾಕಿದಾಗ ಚರ್ಚಿನ ಆಡಳಿತದಲ್ಲಿ ಆಫ್ರಿಕನ್ನರೂ ಇದ್ದರು ಎಂಬುದು ಇನ್ನಷ್ಟು ನೋವಿನ ಸಂಗತಿ.

ನಿಜವಾದ ಪರೀಕ್ಷೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಶತ್ರು ದೇಶದವರೆಂದು ಬ್ರಿಟಿಷ್ ಸರ್ಕಾರ 1917ರ ಕೊನೆಯಲ್ಲಿ ಬಾಸೆಲ್ ಮಿಶನರಿಗಳನ್ನು ಗೋಲ್ಡ್ ಕೋಸ್ಟ್‌ನಿಂದ ಹೊರಗಟ್ಟಿತು. ಮಂಗಳೂರಿನ ಹೆಂಚಿನ ಕಾರ್ಖಾನೆಗಳೂ ಗೋಲ್ಡ್ ಕೋಸ್ಟ್‌ನ ವ್ಯಾಪಾರ ಕೋಠಿಗಳೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಕಂಪನಿಯ ಪಾಲಾದವು. ಆದರೆ ಅಕ್ರೊಪಾಂಗ್ ಬೆಟ್ಟದ ಶಾಲೆಗಳು ಮುಚ್ಚಲಿಲ್ಲ. ಸ್ಕಾಟ್ಲೆಂಡಿನ ಮಿಶನರಿಗಳು ಬಂದು ಮೇಲ್ವಿಚಾರಣೆ ವಹಿಸಿಕೊಂಡರು ನಿಜ, ತರಗತಿಗಳನ್ನು ನಡೆಸಿದವರು ಮಾತ್ರ ಆ ನೆಲದ ಶಿಕ್ಷಕರೇ. 1918ರಲ್ಲಿ ಸೇರಿದ ಚರ್ಚಿನ ಮೊದಲ ಸಿನಾಡ್‌ಗೆ ಅಧ್ಯಕ್ಷರಾದವರು ಪೀಟರ್ ಹಾಲ್, ಕಾರ್ಯದರ್ಶಿಯಾದವರು ನಿಕೋಲಸ್ ಕ್ಲರ್ಕ್. ಇಬ್ಬರೂ 1843ರಲ್ಲಿ ಹಡಗಿಳಿದ ಜಮೈಕಾದವರ ಮಕ್ಕಳು. ಅರಸ ಕೇಳಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಅದೇ ಬೆಟ್ಟಸಾಲು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಮೆರಿಕದ ಕಪ್ಪು ಮಿಶನರಿ ಆಂಡ್ರ್ಯೂ ಫಾಸ್ಟರ್ ಸ್ವತಃ ಕಿವುಡರು. 1957ರಲ್ಲಿ ಘಾನಾಕ್ಕೆ ಬಂದು ಕಿವುಡ ಮಕ್ಕಳಿಗೆ ಶಾಲೆ ತೆರೆದರು, ಅದು ನಂತರ ಮಾಂಪಾಂಗ್‌ಗೆ ಬಂತು. ಕಿವುಡರನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿದ್ದು ಅವರ ದೊಡ್ಡತನ. ಆಫ್ರಿಕಾದ ಹಲವು ದೇಶಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಾಲೆಗಳು ಅವರಿಂದ ಹುಟ್ಟಿದವು. ಆದರೆ ಸಮೀಪದ ಅಡಮೊರೊಬೆ ಎಂಬ ಹಳ್ಳಿಯಲ್ಲಿ ವಂಶಪಾರಂಪರ್ಯವಾಗಿ ಕಿವುಡರ ಸಂಖ್ಯೆ ಹೆಚ್ಚು. ಅಲ್ಲಿ ಕೇಳಿಸುವವರೂ ಬಳಸುವ ಸ್ವಂತ ಸನ್ನೆಭಾಷೆಯೊಂದು ತಲೆಮಾರುಗಳಿಂದ ಇದೆ. ಮಾಂಪಾಂಗ್ ವಸತಿಶಾಲೆಗೆ ಹೋದ ಆ ಊರಿನ ಮಕ್ಕಳು ಅಮೆರಿಕದ ಮಾದರಿಯ ಸನ್ನೆಗಳನ್ನು ಕಲಿತರು, ಹಳ್ಳಿಯ ಭಾಷೆ ಈಗ ಅಳಿವಿನಂಚಿನಲ್ಲಿದೆ. ಒಳ್ಳೆಯ ಮನಸ್ಸಿನಿಂದ ಬಂದ ಶಾಲೆಯೂ ಊರಿನ ಮಾತಿಗೆ ಕಿವಿಗೊಡದಿದ್ದರೆ ನಷ್ಟ ಮಾಡಬಲ್ಲದು.

ಇಂದು ನಮ್ಮ ಕರಾವಳಿಯಿಂದ ಹೋದ ಧರ್ಮಭಗಿನಿಯರೂ ಗುರುಗಳೂ ಆಫ್ರಿಕಾದ ಹಳ್ಳಿಗಳಲ್ಲಿ ಪಾಠ ಹೇಳುತ್ತಿದ್ದಾರೆ. ಅವರನ್ನು ಬೆಂಬಲಿಸುವ ಕುಟುಂಬಗಳೂ ಚರ್ಚುಗಳೂ ಇಲ್ಲಿವೆ. ಹೊಸ ಕಟ್ಟಡದ ಫೋಟೊ, ದಾನಿಗಳ ಹೆಸರಿನ ಕಲ್ಲು, ಎರಡು ವಾರದ ಪ್ರವಾಸದಲ್ಲಿ ಗೋಡೆಗೆ ಬಣ್ಣ ಬಳಿದು ಬರುವ ಯುವಕರ ತಂಡ, ಇವುಗಳಿಗೆ ಹಣ ಸುಲಭವಾಗಿ ಕೂಡುತ್ತದೆ. ಊರಿನ ಶಿಕ್ಷಕಿಯ ಸಂಬಳಕ್ಕೆ, ಸ್ಥಳೀಯ ಭಾಷೆಯ ಪಠ್ಯಕ್ಕೆ, ಮುಂದಿನ ಮುಖ್ಯೋಪಾಧ್ಯಾಯರ ತರಬೇತಿಗೆ ಕೂಡುವುದಿಲ್ಲ. ಈ ಕ್ರಮ ತಿರುಗುಮುರುಗಾಗಬೇಕು. ಆಫ್ರಿಕಾದ ಯಾವುದೇ ಶಾಲೆಗೆ ದೇಣಿಗೆ ಕಳಿಸುವ ಮುನ್ನ ಓದುಗರು ಮೂರು ವಿಷಯ ಕೇಳಿ ತಿಳಿದುಕೊಳ್ಳಲಿ: ಅಲ್ಲಿ ಪಾಠ ಹೇಳುವವರಲ್ಲಿ ಆ ಊರಿನವರೆಷ್ಟು, ಚಿಕ್ಕ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಆಡಳಿತ ಊರಿನವರ ಕೈಗೆ ಯಾವ ವರ್ಷ ಹೋಗುತ್ತದೆ. ಉತ್ತರ ಸಿಕ್ಕ ಮೇಲೆ ಹಣ ಕಳಿಸಿ.