ತನ್ನವರನ್ನೇ ತರಾಟೆಗೆ ತೆಗೆದುಕೊಂಡ ಸಂಪಾದಕ

ಜಾರ್ಜಿಯಾದ ಜಮೀನ್ದಾರನೊಬ್ಬ ಅಂಗಾತ ಮಲಗಿ ಚಾವಣಿಯ ನೊಣ ಎಣಿಸುತ್ತಾನೆ. ಹೆಸರು ಲುವರ್ಸಾಬ್. ಇವತ್ತು ಊಟಕ್ಕೆ ಏನು ಎಂಬುದೇ ಅವನಿಗೂ ಹೆಂಡತಿ ದಾರೆಜಾನಳಿಗೂ ದೊಡ್ಡ ಚಿಂತೆ. ಉಣ್ಣುವುದು, ಮಲಗುವುದು, ಜಗಳವಾಡುವುದು, ಮತ್ತೆ ಉಣ್ಣುವುದು. ದುಡಿಯಲು ಜೀತದಾಳುಗಳಿದ್ದಾರಲ್ಲ!

‘ಇವನೂ ಮನುಷ್ಯನೇ?’ ಎಂದು ಕೇಳುವ ಈ ಕಥೆ ಅಚ್ಚಾದದ್ದು 1863ರಲ್ಲಿ. ಓದಿದ ಕುಲೀನರಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇರುತ್ತದೆಯೇ? ಬರೆದವನು ಅವರದೇ ಪಂಕ್ತಿಯಲ್ಲಿ ಉಣ್ಣುವವನು. ಕವಿ, ಪತ್ರಕರ್ತ ಇಲಿಯಾ ಚಾವ್ಚಾವಾದ್ಜೆ ಹುಟ್ಟಿದ್ದು 1837ರಲ್ಲಿ, ಕಖೇತಿ ಸೀಮೆಯ ಕ್ವಾರೇಲಿಯಲ್ಲಿ, ಜಮೀನುಳ್ಳ ಕುಲೀನ ಮನೆತನದಲ್ಲಿ. ಪೀಟರ್ಸ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದವನು 1861ರಲ್ಲಿ ಪದವಿಯ ಗೊಡವೆ ಬಿಟ್ಟು ಊರಿಗೆ ಮರಳಿದ. ಕಥೆ ಬಂದದ್ದು ಅವನೇ ಹೊರಡಿಸಿದ ಮಾಸಪತ್ರಿಕೆಯಲ್ಲಿ. ಮರುವರ್ಷ ಟಿಫ್ಲಿಸ್ ಪ್ರಾಂತ್ಯದಲ್ಲಿ ಜೀತ ರದ್ದಾಯಿತು. ಅದು ಆಗ ಜಾರ್ಜಿಯಾವನ್ನು ಆಳುತ್ತಿದ್ದ ರಷ್ಯಾದ ಚಕ್ರವರ್ತಿಯ ಆಜ್ಞೆ, ಕಥೆಯ ಪ್ರತಾಪವಲ್ಲ. ಆದರೆ ಜೀತದಿಂದ ಕೆಡುವವರು ಆಳುಗಳಷ್ಟೇ ಅಲ್ಲ, ಒಡೆಯರೂ ಕೂಡ ಎಂದು ಇಲಿಯಾನಷ್ಟು ನಗಿಸುತ್ತಾ ತೋರಿಸಿದವರು ಕಡಿಮೆ.

ಬೈದು ಸುಮ್ಮನಾಗುವ ಜಾಯಮಾನ ಅವನದಲ್ಲ. 1877ರಲ್ಲಿ ‘ಇವೇರಿಯಾ’ ಪತ್ರಿಕೆ ಶುರುಮಾಡಿದ. 1886ರಿಂದ ಅದು ದಿನಪತ್ರಿಕೆಯಾಯಿತು. ಶಾಲೆಗಳಲ್ಲಿ ರಷ್ಯನ್ ಭಾಷೆ ಮೆರೆಯುತ್ತಿದ್ದ ಕಾಲ. 1879ರಲ್ಲಿ ಗೆಳೆಯರೊಡನೆ ಸಾಕ್ಷರತಾ ಸಂಘ ಕಟ್ಟಿ ಜಾರ್ಜಿಯನ್ ಶಾಲೆ, ಪುಸ್ತಕಗಳಿಗೆ ದಾರಿಮಾಡಿದ. ಇದಕ್ಕೆಲ್ಲ ದುಡ್ಡು? ಅವನೇ ಮುಂದೆ ನಿಂತು ಕಟ್ಟಿದ, ಕುಲೀನರ ಭೂಮಿ ಬ್ಯಾಂಕಿನ ಲಾಭದಿಂದ ಶಾಲೆ, ರಂಗಭೂಮಿಗಳಿಗೆ ನೆರವು ಹರಿಯಿತು.

ಗಂಟು ಬಿದ್ದದ್ದೂ ಇಲ್ಲೇ. ನೊಣ ಎಣಿಸುವವರನ್ನು ಗೇಲಿ ಮಾಡಿದ ಲೇಖಕ ಅವರ ಜಮೀನು ಉಳಿಸುವ ಬ್ಯಾಂಕಿನ ಅಧ್ಯಕ್ಷ! ಇವನು ಜಮೀನ್ದಾರರ ವಕೀಲ ಎಂದು ಎಳೆಯ ಮಾರ್ಕ್ಸ್‌ವಾದಿಗಳು ಹರಿಹಾಯ್ದರು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ವರ್ಗಗಳ ಜಗಳಕ್ಕಿಂತ ನಾಡಿನ ಒಗ್ಗಟ್ಟು ದೊಡ್ಡದೆಂದು ನಂಬಿದ್ದ ಇಲಿಯಾಗೆ ಭೂಮಿ ಇಲ್ಲದವನ ಅವಸರ ಪೂರ್ತಿ ಅರ್ಥವಾಗಲಿಲ್ಲ. ತಮಾಷೆಯೆಂದರೆ, 1895ರಲ್ಲಿ ‘ಇವೇರಿಯಾ’ ಒಬ್ಬ ಪಾದ್ರಿಶಾಲೆಯ ಹುಡುಗನ ಕವಿತೆಗಳನ್ನು ಪ್ರಕಟಿಸಿತ್ತು. ಆ ಹುಡುಗನೇ ಮುಂದೆ ಸ್ಟಾಲಿನ್ ಆದ.

1907ರಲ್ಲಿ ಹೆಂಡತಿ ಓಲ್ಗಾ ಜೊತೆ ಸಗುರಾಮೋದ ಮನೆಗೆ ಗಾಡಿಯಲ್ಲಿ ಹೋಗುತ್ತಿದ್ದಾಗ ತ್ಸಿತ್ಸಮೂರಿ ಬಳಿ ಇಲಿಯಾನನ್ನು ಗುಂಡಿಟ್ಟು ಕೊಂದರು. ಕೊಲ್ಲಿಸಿದವರು ಯಾರೆಂಬ ವಾದ ಇಂದಿಗೂ ನಿಂತಿಲ್ಲ. 1987ರಲ್ಲಿ ಚರ್ಚು ಅವನನ್ನು ಸಂತನೆಂದು ಸಾರಿತು. ಜಾರ್ಜಿಯಾದ ಹಣವಾದ ಲಾರಿಯ 20ರ ನೋಟಿನ ಮೇಲೂ ಅವನ ಮುಖವಿದೆ. ಆದರೆ ಇಲಿಯಾನನ್ನು ತಿಳಿಯಬೇಕೆನ್ನುವವರು ಮೊದಲು ಲುವರ್ಸಾಬನ ಕಥೆ ಓದಲಿ.