ವಯಸ್ಕರ ಕಂಪ್ಯೂಟರ್ ವರ್ಗ ಏಕೆ ಬರಿದಾಗುತ್ತದೆ?



ದುಡಿಯುವ ಹಿರಿಯರಿಗೆಂದು ಕಂಪ್ಯೂಟರ್ ವರ್ಗ ತೆರೆದ ದಿನ ಕೂಡ್ರಲು ಕುರ್ಚಿ ಸಾಲುವುದಿಲ್ಲ. ಉದ್ಘಾಟನೆಯ ಹಾರ ಬಾಡುವುದರೊಳಗೆ ಅರ್ಧ ಜನ ಇರುವುದಿಲ್ಲ. ನಡೆಸಿದವರು ‘ಈ ಜನಕ್ಕೆ ಆಸಕ್ತಿ ಇಲ್ಲ’ ಎಂದು ವರದಿ ಬರೆಯುತ್ತಾರೆ. ಬಿಟ್ಟು ಬಂದವರು ‘ಈ ವಯಸ್ಸಿನ್ಯಾಗ ನಮಗ ಅದೇನ ತಿಳಿತೈತಿ ಬಿಡ್ರಿ’ ಎಂದು ಸುಮ್ಮನಾಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಸುಳ್ಳು ಮಾತುಗಳು.

ದೇಶದ ಲೆಕ್ಕವನ್ನೇ ನೋಡಿರಿ. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. 6 ಕೋಟಿ ಹಳ್ಳಿಯ ಮನೆಗಳು, ಮನೆಗೆ ಒಬ್ಬರು, ವಯಸ್ಸು 14ರಿಂದ 60, ಪಾಠ 20 ಗಂಟೆ. 2024ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಅಷ್ಟರಲ್ಲಿ ಹೆಸರು ಹಚ್ಚಿದವರು ಸುಮಾರು 7.35 ಕೋಟಿ, ತರಬೇತಿ ಮುಗಿಸಿದವರು 6.39 ಕೋಟಿ, ಪರೀಕ್ಷೆ ದಾಟಿ ಪ್ರಮಾಣಪತ್ರ ಪಡೆದವರು 4.77 ಕೋಟಿ. ಎರಡೂವರೆ ಕೋಟಿಗೂ ಹೆಚ್ಚು ಜನ ನಡುವೆ ಎಲ್ಲಿಯೋ ಉಳಿದರು. ಅದೂ ಅಲ್ಲದೆ ‘ಮನೆಗೆ ಒಬ್ಬರು’ ಎಂದಾಗ ಹೋಗುವವನು ಯಾರು? ಹತ್ತನೇ ಇಯತ್ತೆಯ ಮಗ. ಅವನಿಗೆ ಮೊದಲೇ ಬರುತ್ತಿತ್ತು. ಬರದೇ ಇದ್ದ ಅವ್ವ ಒಲೆಯ ಮುಂದೆಯೇ ಉಳಿದಳು.

ಕಲಿಯದಿದ್ದರೆ ಏನಾದೀತು ಎಂದು ಕೇಳುವ ಕಾಲ ಹೋಯಿತು. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನೇ ಮೊಬೈಲಿನಲ್ಲಿ ಫೋಟೋ ಸಹಿತ ಹಾಕುವ ನಿಯಮ ಬಂತು. ಫೋಟೋ ಏರದ ದಿನದ ಕೂಲಿಗಾಗಿ ಜನ ಅಲೆದರು. ಎಸ್ಟೇಟಿನ ಲೈನುಮನೆಯಲ್ಲಿ ಇರುವವರ ಭವಿಷ್ಯ ನಿಧಿಯ ಲೆಕ್ಕವೂ ಈಗ ಕಾಗದದಲ್ಲಿಲ್ಲ, 12 ಅಂಕೆಯ ಒಂದು ಸಂಖ್ಯೆಯ ಹಿಂದೆ ಇದೆ. ನಿಮ್ಮ ಪಗಾರದಲ್ಲಿ ಶೇಕಡಾ 12 ಹಿಡಿದ ಮಾಲಿಕನು ತನ್ನ ಪಾಲಿನ 12ನ್ನೂ ಕೂಡಿಸಿ, ಮುಂದಿನ ತಿಂಗಳ 15ನೇ ತಾರೀಖಿನೊಳಗೆ ತುಂಬತಕ್ಕದ್ದು. ತುಂಬಿದನೋ ಇಲ್ಲವೋ ಎಂದು ನೋಡುವ ಹಕ್ಕು ನಿಮ್ಮದು. ನೋಡಲು ಬಾರದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ.

ಹೀಗಿರುವಾಗ ವರ್ಗದಲ್ಲಿ ಮೊದಲ ದಿನ ಹೇಳುವುದೇನು? ‘ಕಂಪ್ಯೂಟರಿನ ಭಾಗಗಳು ಎಷ್ಟು? ಅದರ ಜನಕ ಯಾರು?’ ಹಗಲೆಲ್ಲ ಬಾಗಿ ದುಡಿದು ಬಂದವನಿಗೆ ಜನಕನನ್ನು ಕಟ್ಟಿಕೊಂಡು ಏನಾಗಬೇಕಾಗಿದೆ?

ಬ್ರೆಜಿಲ್ ದೇಶದ ಪಾವ್ಲೊ ಫ್ರೇರಿ ಎಂಬ ಶಿಕ್ಷಕರು 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ ಕೇವಲ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟರು. ಅವರು ಅ ಆ ಇ ಈಯಿಂದ ತೊಡಗಲಿಲ್ಲ. ಜನ ದಿನವೂ ಆಡುವ ಮಾತುಗಳನ್ನು ಮೊದಲು ಕಿವಿಗೊಟ್ಟು ಕೇಳಿ, ಅವನ್ನೇ ಹಲಗೆಯ ಮೇಲೆ ಬರೆದರು. ಅವರ ವರ್ಗಗಳಲ್ಲಿ ‘ಇಟ್ಟಂಗಿ’ಯೂ ಒಂದು ಪಾಠದ ಶಬ್ದವಾಗಿತ್ತು. ಇಟ್ಟಂಗಿ ಹೊರುವವನು ಆ ಶಬ್ದವನ್ನು ಬಿಡಿಸಿ ಓದುವಾಗ, ಇಟ್ಟಂಗಿ ಯಾರದು, ಮನೆ ಯಾರದು ಎಂಬ ಮಾತೂ ಎದ್ದಿತು. 1964ರಲ್ಲಿ ಸೈನ್ಯದ ಸರ್ಕಾರ ಬಂದು ಅವರನ್ನು ಸೆರೆಮನೆಗೆ ಹಾಕಿತು. ಮುಂದೆ ದೇಶ ಬಿಟ್ಟ ಅವರು 1970ರಿಂದ ಹತ್ತು ವರ್ಷ ಜಿನೀವಾದಲ್ಲಿ ಕ್ರೈಸ್ತ ಸಭೆಗಳ ಜಾಗತಿಕ ಮಂಡಳಿಯ ಶಿಕ್ಷಣ ಕೆಲಸದಲ್ಲಿದ್ದರು. ಒಂದು ಅಕ್ಷರದ ವರ್ಗಕ್ಕೆ ಸೈನ್ಯ ಏಕೆ ಹೆದರಿತೋ ವಾಚಕರೇ ಯೋಚಿಸಲಿ.

ದೂರದ ಮಾತು ಬೇಡವೆನ್ನುವವರು ಕೇರಳದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯತಿಯನ್ನು ನೋಡಲಿ. ಕೂಲಿ ಜಮಾ ಆಯಿತೇ ಎಂದು ತಿಳಿಯಲು ಉದ್ಯೋಗ ಖಾತರಿಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಿದ್ದರು. ಆ ಸಾಲಿನಿಂದಲೇ ಅಲ್ಲಿಯ ಪಾಠ ಹುಟ್ಟಿತು: ನಿನ್ನ ಖಾತೆಯನ್ನು ನೀನೇ ನೋಡಿಕೋ. ಪಾಠ ನಡೆದದ್ದೂ ಕೆಲಸದ ಜಾಗದಲ್ಲಿ, ಮನೆಯ ಜಗಲಿಯಲ್ಲಿ, ಕುಟುಂಬಶ್ರೀ ಸಂಘದ ಕೂಟದಲ್ಲಿ. 2022ರಲ್ಲಿ ಆ ಪಂಚಾಯತಿ ಪೂರ್ಣ ಡಿಜಿಟಲ್ ಸಾಕ್ಷರವೆಂದು ಸಾರಲಾಯಿತು. ಅದನ್ನೇ ರಾಜ್ಯಕ್ಕೆಲ್ಲ ಹರಡಿ, ನಮ್ಮ ಕಾಸರಗೋಡಿನ ಕನ್ನಡಿಗರನ್ನೂ ಒಳಗೊಂಡು, ಸುಮಾರು 21.8 ಲಕ್ಷ ಜನರಿಗೆ ಕಲಿಸಿ, 2025ರ ಆಗಸ್ಟ್ 21ರಂದು ಕೇರಳವು ತಾನು ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿಕೊಂಡಿತು. ಘೋಷಣೆಗಳನ್ನು ನಾವು ಅರ್ಧ ಮಾತ್ರ ನಂಬುತ್ತೇವೆ. ಆದರೆ ಕ್ರಮ ಸರಿಯಾದದ್ದು.

ನಮ್ಮ ಜತ್ತ ತಾಲ್ಲೂಕಿಗೆ ಬರೋಣ. ಉಮದಿ, ಸಂಖ ಕಡೆಯಿಂದ ದಸರೆ ದೀಪಾವಳಿ ಆಗುತ್ತಲೇ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಕಾದಮನಿಂದ ಮೊದಲೇ ಎತ್ತಿದ ಉಚಲ, ಆಮೇಲೆ ಟನ್ನಿನ ಲೆಕ್ಕದಲ್ಲಿ ಮುಟ್ಟಿಸುವುದು. ಇಲ್ಲಿಯೇ ಇದೆ ನಮ್ಮ ಮೊದಲ ಪಾಠ. ಲೆಕ್ಕದ ಹಾಳೆಯನ್ನು, ಅಂದರೆ ಎಕ್ಸೆಲ್ ಎಂದು ಹೇಳುವ ಅದನ್ನು, ತೆರೆದು ಆರು ಮನೆ ಹಾಕಿರಿ: ತಾರೀಖು, ಟನ್ನು, ದರ, ಆದ ಕೂಲಿ, ಉಚಲದಲ್ಲಿ ಮುರಿದದ್ದು, ಬಾಕಿ.

ಲೆಕ್ಕಕ್ಕಾಗಿ ಮಾತ್ರ ಹೇಳುವುದಾದರೆ, ಉಚಲ ಒಂದು ಲಕ್ಷ, ದರ ಟನ್ನಿಗೆ 350 ರೂಪಾಯಿ, ಜೋಡಿಯು ದಿನಕ್ಕೆ 2 ಟನ್ನು ಕಡಿಯಿತು ಎನ್ನಿರಿ. ದಿನಕ್ಕೆ 700 ರೂಪಾಯಿ. ಒಂದು ಪೈಸೆ ಖರ್ಚಿಗೆ ತೆಗೆಯದೆ ಇದ್ದರೂ ಉಚಲ ಮುಟ್ಟಲು 143 ದಿನ ಬೇಕು. ಅಂದರೆ ಹೆಚ್ಚುಕಡಿಮೆ ಇಡೀ ಹಂಗಾಮು. ಈಗ ಟನ್ನಿನ ಮನೆಯಲ್ಲಿ 2 ಇದ್ದಲ್ಲಿ 1.9 ಎಂದು ಒತ್ತಿರಿ, ತೂಕದಲ್ಲಿ ದಿನಕ್ಕೆ ನೂರೇ ಕಿಲೋ ಹೋಯಿತು ಎಂದು. ಹಾಳೆ ತಾನೇ ತಿರುಗಿ ಲೆಕ್ಕ ಹಾಕಿ 151 ದಿನ ತೋರಿಸುತ್ತದೆ. ಎಂಟು ದಿನದ ಬೆವರು ಒಂದು ಅಂಕೆಯಲ್ಲಿ ಹೋದದ್ದನ್ನು ಕಣ್ಣಾರೆ ಕಂಡವನು ಮರುದಿನ ವರ್ಗ ತಪ್ಪಿಸುವುದಿಲ್ಲ. 2024ರ ಜನವರಿಯಲ್ಲಿ ಕಡಿಯುವವರ ದರ ಶೇಕಡಾ 34 ಏರಿಸುವ ಒಪ್ಪಂದವಾದಾಗ, ಅದು ತಮ್ಮ ಕೈಗೆ ಎಷ್ಟಾಗಿ ಬಂತು ಎಂದು ಎಷ್ಟು ಮನೆಗಳು ಹೇಳಬಲ್ಲವು? ಎಸ್ಟೇಟಿನವರು ಇದೇ ಹಾಳೆಯಲ್ಲಿ ಪಗಾರದ ಚೀಟಿ ಮತ್ತು ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನು ಎದುರುಬದುರು ಇಟ್ಟು ನೋಡಲಿ.

ಇನ್ನು ಕೈಯ ವಿಷಯ. ಕುಡಗೋಲು ಹಿಡಿದ ಬೆರಳು ಎರಡು ಸಲ ಬೇಗ ಬೇಗ ಒತ್ತಲಾರದು; ನಡುವೆ ಮೌಸು ಸರಿದುಬಿಡುತ್ತದೆ. ಇದು ದಡ್ಡತನವಲ್ಲ. ಒಂದೇ ಸಲ ಒತ್ತಿ ಎಂಟರ್ ಕೀಲಿ ಹಾಕಿದರೂ ಕಡತ ತೆರೆಯುತ್ತದೆ ಎಂದು ಹೇಳಿಕೊಡಿರಿ, ಅಥವಾ ಯಂತ್ರದ ಸೆಟ್ಟಿಂಗಿನಲ್ಲಿ ಆ ವೇಗವನ್ನೇ ತಗ್ಗಿಸಿರಿ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ, ಕನ್ನಡಕ ಇರುವುದಿಲ್ಲ, ಹೇಳಿಕೊಳ್ಳಲು ನಾಚಿಕೆ. ಕಂಟ್ರೋಲ್ ಮತ್ತು ಪ್ಲಸ್ ಕೀಲಿ ಕೂಡಿಸಿ ಒತ್ತಿದರೆ ಹೆಚ್ಚಿನ ಪುಟಗಳಲ್ಲಿ ಅಕ್ಷರ ದೊಡ್ಡದಾಗುತ್ತದೆ. ಎಷ್ಟೋ ಮಂದಿಯ ‘ತಿಳಿಯುವುದಿಲ್ಲ’ ಎಂಬುದು ನಿಜವಾಗಿ ‘ಕಾಣುವುದಿಲ್ಲ’ ಎಂಬುದೇ ಆಗಿರುತ್ತದೆ.

ಕಲಿಸುವ ತರುಣರಿಗೆ ಒಂದು ಮಾತು. ನಿಮ್ಮ ಉತ್ಸಾಹ ದೊಡ್ಡದು, ಆದರೆ ಕೈ ಚಪಲ. ಅಕ್ಕ ಒಂದು ಕ್ಷಣ ತಡೆದಳೆಂದರೆ ‘ಸರೀರಿ, ನಾ ಮಾಡ್ತೀನಿ’ ಎಂದು ಮೌಸು ಕಸಿದುಕೊಳ್ಳುತ್ತೀರಿ. ಕೆಲಸವಾಯಿತು, ಕಲಿಕೆ ಹೋಯಿತು. ಒಂದು ಯಂತ್ರಕ್ಕೆ ಇಬ್ಬರಿದ್ದರೆ ಕಡಿಮೆ ಬಲ್ಲವರ ಕೈಯಲ್ಲಿಯೇ ಮೌಸು ಇರಲಿ; ಬಲ್ಲವನು ಕೈ ಕಟ್ಟಿ ಬಾಯಿಂದ ಹೇಳಲಿ. ಹಿರಿಯರನ್ನು ಕಾಕಾ, ಅಕ್ಕಾ, ಮಾವಾ ಎಂದೇ ಕರೆಯಿರಿ. ಹಾಜರಿ ಪುಸ್ತಕದ ಹೆಸರು ಹಿಡಿದು ಕೂಗಿ, ತಪ್ಪಿದಾಗ ಮಕ್ಕಳನ್ನು ಗದರಿಸಿದಂತೆ ಗದರಿಸಿದರೆ, ಮೊಮ್ಮಕ್ಕಳ ವಯಸ್ಸಿನವರ ಮುಂದೆ ಮರ್ಯಾದೆ ಕಳೆದುಕೊಳ್ಳಲು ಯಾರೂ ಮತ್ತೆ ಬರುವುದಿಲ್ಲ.

ಭಾಷೆಯದು ನಮ್ಮ ಗಡಿಯ ಹಳೆಯ ನೋವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಯಂತ್ರದಲ್ಲಿ ಇಂಗ್ಲಿಷು. ಮಹಾರಾಷ್ಟ್ರದಲ್ಲಿ 2001ರಲ್ಲಿ ಆರಂಭವಾದ ಎಂಎಸ್-ಸಿಐಟಿ ಶಿಕ್ಷಣವು ಲಕ್ಷಗಟ್ಟಲೆ ಜನರನ್ನು ಮರಾಠಿಯ ಮೂಲಕವೇ ಯಂತ್ರದ ಹತ್ತಿರ ತಂದಿತು. ಅದು ಒಳ್ಳೆಯ ಕೆಲಸ, ಆದರೆ ನಮ್ಮ ಕನ್ನಡ ಶಾಲೆ ಕಲಿತ ಹಿರಿಯರಿಗೆ ಅದೂ ಪರಕೀಯವೇ. ಇದಕ್ಕೆ ಒಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ಜೋಡಣೆಯನ್ನು ಗೊತ್ತುಮಾಡಿತು. ಅದರಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಸ್ಥಾನ ಒಂದೇ. ಕನ್ನಡದ ‘ಕ’ ಯಾವ ಕೀಲಿಯಲ್ಲಿದೆಯೋ ಮರಾಠಿಯ ‘ಕ’ವೂ ಅಲ್ಲಿಯೇ, ಶಿಫ್ಟ್ ಒತ್ತಿದರೆ ಎರಡರಲ್ಲಿಯೂ ‘ಖ’. ಬಹುಮಟ್ಟಿಗೆ ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಕರ್ನಾಟಕದಲ್ಲಿ ಕೆ.ಪಿ. ರಾವ್ ಅವರ ಜೋಡಣೆ ಹೆಚ್ಚು ಬಳಕೆಯಲ್ಲಿದೆ, ಕಲಿಯಲು ಸುಲಭವೂ ಹೌದು. ಆದರೆ ಜತ್ತದಲ್ಲಿ ನಾವು ಇನ್‌ಸ್ಕ್ರಿಪ್ಟನ್ನೇ ಕಲಿಸಬೇಕೆಂದು ನಮ್ಮ ಸಲಹೆ. ಕನ್ನಡದಲ್ಲಿ ಹೆಸರು ಬರೆಯಲು ಕಲಿತ ಬೆರಳು ತಹಸೀಲದಾರರಿಗೆ ಮರಾಠಿಯ ಅರ್ಜಿಯನ್ನೂ ಬರೆದೀತು. ಒಂದು ಶ್ರಮಕ್ಕೆ ಎರಡು ಕೂಲಿ.

ಪರೀಕ್ಷೆಯ ಗುಮ್ಮನನ್ನು ಕೊನೆಗೆ ಇಡಿರಿ. ಮೊದಲ ವಾರದಲ್ಲಿಯೇ ಪ್ರತಿಯೊಬ್ಬರೂ ತಮ್ಮದೇ ಒಂದು ಕಾಗದವನ್ನು ಅಚ್ಚು ಹಾಕಿಸಿ ಮನೆಗೆ ಒಯ್ಯಲಿ: ಉಚಲದ ಹಾಳೆಯೋ, ರೇಶನ್ ಕಾರ್ಡಿನ ಅರ್ಜಿಯೋ.

ಒಂದು ಎಚ್ಚರಿಕೆ ಮಾತ್ರ ಮೊದಲ ದಿನವೇ ಹೇಳತಕ್ಕದ್ದು. ಫೋನಿಗೆ ಬರುವ ಓಟಿಪಿ ಎಂಬುದು ಪೆಟ್ಟಿಗೆಯ ಕೀಲಿ. ಮಧ್ಯಸ್ಥರು ಕೆಲವರು ಅರ್ಜಿ ತುಂಬುವಾಗ ನಿಮ್ಮ ನಂಬರಿನ ಜಾಗದಲ್ಲಿ ತಮ್ಮದೇ ನಂಬರು ಹಾಕಿಬಿಡುತ್ತಾರೆ. ಆಮೇಲೆ ನಿಮ್ಮ ಖಾತೆಯ ಬಾಗಿಲು ತೆರೆಯಲು ಅವರನ್ನೇ ಕರೆಯಬೇಕು. ಯಾವ ಕಾಗದಕ್ಕೆ ಯಾರ ನಂಬರು ಇದೆ ಎಂದು ಮನೆಯವರೆಲ್ಲ ಕೂತು ಒಮ್ಮೆ ತಾಳೆ ನೋಡಿರಿ.

ಕೊನೆಯದಾಗಿ ಕಾಲ. ನವೆಂಬರಿನಲ್ಲಿ ವರ್ಗ ತೆರೆದು ‘ಜನ ಬರಲಿಲ್ಲ’ ಎನ್ನುವುದು ಖಾಲಿ ಊರಿಗೆ ಪತ್ರ ಹಾಕಿದಂತೆ. ಟೋಳಿಗಳು ತಿರುಗಿ ಬಂದ ಮೇಲೆ, ಜೂನಿನಿಂದ ಸಪ್ಟಂಬರದವರೆಗೆ, ವಾರಕ್ಕೆ ಮೂರು ದಿನ, ರೊಟ್ಟಿ ಬಡಿದು ಮುಗಿದ ಮೇಲೆ ಎಂಟರಿಂದ ಒಂಬತ್ತೂವರೆ. ಹೆಣ್ಣುಮಕ್ಕಳು ಕೂಸುಗಳನ್ನು ಕರೆದುಕೊಂಡೇ ಬರಲಿ, ಒಂದು ಮೂಲೆಗೆ ಚಾಪೆ ಹಾಸಿರಲಿ. ಬರುವಾಗ ಪಾಸ್‌ಬುಕ್ಕು, ಪಗಾರದ ಚೀಟಿ, ಕಳೆದ ಹಂಗಾಮಿನ ತೂಕದ ಚೀಟಿಗಳು ಇದ್ದಷ್ಟು ತರಬೇಕು, ಹರಿದಿದ್ದರೂ ಸರಿ.