ಹೊರಗೆ ಹೋಗಿ ಸೇದು ಎನ್ನುವ ಕಾನೂನು

ಸಿಗರೇಟಿನ ಚಟ ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯಲು ವೈದ್ಯರು ಬಳಸುವ ಪರೀಕ್ಷೆಯೊಂದಿದೆ; ಸ್ವೀಡನ್ನಿನ ಫಾಗರ್‌ಸ್ಟ್ರೋಮ್ ಎಂಬ ತಜ್ಞರ ಹೆಸರಿನದು. ಒಟ್ಟು ಆರೇ ಪ್ರಶ್ನೆ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ? ಐದು ನಿಮಿಷದೊಳಗೆ ಎಂದರೆ ಮೂರು ಅಂಕ. ಕಾಯಿಲೆ ಬಿದ್ದು ಮಲಗಿದಾಗಲೂ ಸೇದುತ್ತೀರಾ? ಇವುಗಳ ಜೊತೆಗೇ ಇನ್ನೊಂದು: ನಿಷೇಧವಿರುವ ಜಾಗದಲ್ಲಿ ಸೇದದೆ ಇರುವುದು ನಿಮಗೆ ಕಷ್ಟವೇ? ಹೌದು ಎಂದವರಿಗೆ ಒಂದು ಅಂಕ. ಕಾನೂನು ಪಾಲಿಸಲು ಪಡುವ ಕಷ್ಟ ವೈದ್ಯರ ಲೆಕ್ಕದಲ್ಲಿ ಕಾಯಿಲೆಯ ಲಕ್ಷಣ. ಪಾಲಿಸದಿದ್ದರೆ ಅಧಿಕಾರಿಯ ಲೆಕ್ಕದಲ್ಲಿ ದಂಡ ಹಾಕಬೇಕಾದ ತಪ್ಪು. ತಂಬಾಕು ಕಾನೂನುಗಳು ಕಡುಚಟದವರನ್ನು ಏನು ಮಾಡುತ್ತವೆ ಎಂಬುದನ್ನು ಈ ಪ್ರಶ್ನೆಯಿಂದಲೇ ಕೇಳಲು ಶುರುಮಾಡಬೇಕು. ಅದಕ್ಕೆ ಜರ್ಮನಿಯಷ್ಟು ಒಳ್ಳೆಯ ಉದಾಹರಣೆ ಸಿಗುವುದಿಲ್ಲ, ಏಕೆಂದರೆ ಅಲ್ಲಿನ ಕಾನೂನು ಉದ್ದಕ್ಕೂ ಅರೆಮನಸ್ಸಿನದು.

2007ರ ಸೆಪ್ಟೆಂಬರ್ 1ರಿಂದ ಜರ್ಮನಿಯ ರೈಲುಗಳಲ್ಲಿ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಧೂಮಪಾನ ನಿಂತಿತು. ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಸೇದುವವರಿಗೆಂದು ಹಳದಿ ಗೆರೆ ಎಳೆದ ಚೌಕಗಳು ಬಂದವು. ಹೋಟೆಲು, ಬಾರುಗಳ ವಿಷಯ ಮಾತ್ರ ರಾಜ್ಯಗಳ ಪಾಲಿಗೆ ಬಿತ್ತು. ಹದಿನಾರು ರಾಜ್ಯಗಳು ತಮ್ಮತಮ್ಮ ಕಾನೂನು ಮಾಡಿಕೊಂಡವು. ಒಂದು ಕೋಣೆಯ ಸಣ್ಣ ಮದ್ಯದಂಗಡಿಗಳ ಮಾಲೀಕರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಬರ್ಲಿನ್ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಗಳ ನಿಯಮಗಳ ಬಗ್ಗೆ 2008ರ ಜುಲೈ 30ರಂದು ತೀರ್ಪು ಬಂತು. ದೊಡ್ಡ ಹೋಟೆಲಿಗೆ ಪ್ರತ್ಯೇಕ ಧೂಮಪಾನದ ಕೋಣೆ ಕಟ್ಟಿಕೊಳ್ಳಲು ಬಿಟ್ಟು, ಕೋಣೆಯೇ ಇಲ್ಲದ ಸಣ್ಣವನಿಗೆ ಏನೂ ಕೊಡದಿರುವುದು ಅನ್ಯಾಯ ಎಂದಿತು ನ್ಯಾಯಾಲಯ. ಎಪ್ಪತ್ತೈದು ಚದರ ಮೀಟರಿಗಿಂತ ಚಿಕ್ಕದಾದ, ಅಡುಗೆ ಮಾಡಿ ಬಡಿಸದ, ಹದಿನೆಂಟು ತುಂಬದವರನ್ನು ಒಳಗೆ ಬಿಡದ ಅಂಗಡಿಗಳಿಗೆ ವಿನಾಯಿತಿ ಸಿಕ್ಕಿತು. ಯಾರಿಗೂ ವಿನಾಯಿತಿ ಇಲ್ಲದ ಪೂರ್ಣ ನಿಷೇಧವೂ ಸಂವಿಧಾನಕ್ಕೆ ಒಪ್ಪಿತವೇ ಎಂದು ಅದೇ ತೀರ್ಪು ಹೇಳಿದ್ದನ್ನು ಹೆಚ್ಚಿನ ರಾಜ್ಯಗಳು ಕೇಳಿಸಿಕೊಳ್ಳಲಿಲ್ಲ.

ಅಲ್ಲಿ ತೂಗಿದ್ದು ಮಾಲೀಕನ ವ್ಯಾಪಾರ. ಕೌಂಟರಿನ ಮುಂದೆ ಕೂತು ದಿನಕ್ಕೆರಡು ಪ್ಯಾಕು ಮುಗಿಸುವ ಗಿರಾಕಿ ಆ ತಕ್ಕಡಿಯಲ್ಲಿ ವ್ಯಾಪಾರದ ಒಂದು ಭಾಗ ಅಷ್ಟೆ. ಸೇದುವವರ ಪರವಾಗಿ ಎತ್ತುವ ದನಿಗಳನ್ನು ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಚಟದವರ ಕಷ್ಟ ಹೇಳಿಕೊಂಡು ಬರುವವರು ಬಹಳ ಸಲ ಆ ಚಟದಿಂದ ಬದುಕುವವರು.

ಬವೇರಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರ್ಕಾರ ಸಡಿಲಗೊಳಿಸಿದ್ದ ಕಾನೂನನ್ನು 2010ರ ಜುಲೈ 4ರಂದು ಜನಮತಗಣನೆ ಮತ್ತೆ ಬಿಗಿ ಮಾಡಿತು. ಮತ ಹಾಕಿದವರಲ್ಲಿ ಶೇ. 61ರಷ್ಟು ಜನ ಪೂರ್ಣ ನಿಷೇಧದ ಪರ. ಬಿಯರಿನ ನಾಡಿನಲ್ಲಿ ಬಾರುಗಳು ಮುಚ್ಚಿಹೋಗುತ್ತವೆ ಎಂದು ಹೆದರಿಸಿದ್ದರು. ಅಲ್ಲಿನ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್ ಇಂದಿಗೂ ನಡೆಯುತ್ತಿದೆ.

ಕಡುಚಟದವನಿಗೆ ಯಾವುದು ಹೆಚ್ಚು ಕ್ರೂರ, ಬವೇರಿಯಾದ ಕಟ್ಟುನಿಟ್ಟೋ ಬರ್ಲಿನ್ನಿನ ಉದಾರತೆಯೋ? ಮೇಲ್ನೋಟಕ್ಕೆ ಮೊದಲನೆಯದು. ನನಗೆ ಹಾಗನ್ನಿಸುವುದಿಲ್ಲ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಅದನ್ನು ತುಂಬಿಕೊಳ್ಳುವ ತಹತಹವನ್ನು ಎಬ್ಬಿಸುವುದು ಈ ಇಳಿಕೆಯೊಂದೇ ಅಲ್ಲ. ಪಕ್ಕದವನು ಕಡ್ಡಿ ಗೀರುವ ಸದ್ದು, ಬಿಯರಿನ ಗ್ಲಾಸು, ಬೂದಿಬಟ್ಟಲು ಎಲ್ಲವೂ ಎಬ್ಬಿಸುತ್ತವೆ. ಬರ್ಲಿನ್ನಿನ ವಿನಾಯಿತಿ ಇವಿಷ್ಟನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ, ಬಿಡಬೇಕೆಂದಿರುವವನ ಸ್ನೇಹಿತರನ್ನೆಲ್ಲ ಅಲ್ಲೇ ಕೂರಿಸುತ್ತದೆ. ಬಿಡಬೇಕೆಂದಿದ್ದರೆ ಅವನು ಗೆಳೆಯರನ್ನೇ ಬಿಡಬೇಕು. ಎಲ್ಲೆಡೆ ನಿಷೇಧವಿದ್ದರೆ ಸೇದಲು ಹೊರಗೆ ಚಳಿಯಲ್ಲಿ ನಿಲ್ಲಬೇಕಾದೀತು. ಸೇದದೆ ಇರಬೇಕೆಂದರೆ ಒಳಗೆ ಬೆಚ್ಚಗೆ ಗೆಳೆಯರ ಜೊತೆಗೇ ಇರಬಹುದು.

ಇನ್ನು ಸೇದದವರ ಮಾತು. ಈ ಕಾನೂನುಗಳು ಬಂದ ಮೇಲೆ ಡಿಎಕೆ ಎಂಬ ಆರೋಗ್ಯ ವಿಮಾ ನಿಧಿಯ ಸದಸ್ಯರ ಆಸ್ಪತ್ರೆ ದಾಖಲೆಗಳನ್ನು ನೋಡಿದ ಅಧ್ಯಯನವೊಂದು, ಒಂದು ವರ್ಷದಲ್ಲಿ ಹೃದಯಾಘಾತದ ದಾಖಲಾತಿ ಶೇ. 8.6ರಷ್ಟು, ಎದೆನೋವಿನದು ಶೇ. 13.3ರಷ್ಟು ಇಳಿದದ್ದನ್ನು ತೋರಿಸಿತು. ಕಾನೂನು ಬೇಕೋ ಬೇಡವೋ ಎಂಬ ಚರ್ಚೆ ನನ್ನ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಉಳಿಯುವುದು, ಹೊರಗೆ ನಿಲ್ಲಿಸಿದವನಿಗೆ ಸರ್ಕಾರ ಏನು ಮಾಡಿತು ಎಂಬ ಪ್ರಶ್ನೆ.

ಅವನಿಂದ ವಸೂಲಿ ಮಾಡಿತು. ತಂಬಾಕು ತೆರಿಗೆಯಿಂದ ಜರ್ಮನಿಗೆ ವರ್ಷಕ್ಕೆ 14 ಶತಕೋಟಿ ಯೂರೋಗಿಂತ ಹೆಚ್ಚು ಬರುತ್ತದೆ. 2002ರಲ್ಲಿ ಈ ತೆರಿಗೆ ಏರಿಸಿದ್ದು ಭಯೋತ್ಪಾದನೆ ವಿರೋಧಿ ಕ್ರಮಗಳಿಗೆ ಹಣ ಹೊಂದಿಸಲು. 2004-05ರಲ್ಲಿ ಮೂರು ಕಂತಿನಲ್ಲಿ ಏರಿಸಿದ್ದು ಸಾರ್ವಜನಿಕ ಆರೋಗ್ಯ ವಿಮೆಗೆ ನೆರವಾಗಲು. ಅದೇ ಹೊತ್ತಿನ ಆರೋಗ್ಯ ಸುಧಾರಣಾ ಕಾನೂನು ವಿಮೆಯಿಂದ ಕೆಲವು ಔಷಧಿಗಳನ್ನು ಹೊರಗಿಟ್ಟಿತು: ಕೂದಲು ಬೆಳೆಸುವ ಮದ್ದು, ತೂಕ ಇಳಿಸುವ ಮದ್ದು, ಧೂಮಪಾನ ಬಿಡಿಸುವ ಮದ್ದು. ಸೇದುವವನ ದುಡ್ಡು ವಿಮೆಗೆ ಬೇಕು, ಅವನ ಚಿಕಿತ್ಸೆ ಮಾತ್ರ ಬೋಳುತಲೆಯ ಚಿಂತೆಯ ಸಾಲಿನದು! ಇದಕ್ಕಿಂತ ನಿರ್ಲಜ್ಜ ಲೆಕ್ಕಾಚಾರ ನನಗೆ ಕಂಡಿಲ್ಲ.

ಬೆಲೆ ಏರಿದರೆ ಹುಡುಗರು ಶುರುಮಾಡುವುದಿಲ್ಲ, ಅಪರೂಪಕ್ಕೆ ಸೇದುವವರು ಬಿಡುತ್ತಾರೆ. ತೆರಿಗೆಯ ಪರವಾದ ಈ ವಾದ ಗಟ್ಟಿಯೇ. ಎದ್ದ ಐದು ನಿಮಿಷಕ್ಕೆ ಹಚ್ಚುವವನು ಮಾತ್ರ ತೆರಿಗೆ ಕಡಿಮೆಯಿರುವ ಬಿಡಿ ತಂಬಾಕಿಗೆ ಹೋಗಿ ಕೈಯಲ್ಲೇ ಸುತ್ತಿಕೊಳ್ಳುತ್ತಾನೆ, ಅಥವಾ ಇದ್ದ ಸಿಗರೇಟನ್ನೇ ತುದಿಯವರೆಗೆ ಆಳವಾಗಿ ಎಳೆಯುತ್ತಾನೆ. ಜರ್ಮನಿಯಲ್ಲಿ ಕಡಿಮೆ ಆದಾಯದವರಲ್ಲೇ ಸೇದುವವರು ಹೆಚ್ಚು. ಹೀಗಾಗಿ ಏರಿಕೆಯ ಪೆಟ್ಟು ಬೀಳುವುದೂ ಅವರ ಜೇಬಿಗೇ.

ಉಳ್ಳವರ ಕಥೆ ಬೇರೆ. ಮಾಜಿ ಚಾನ್ಸಲರ್ ಹೆಲ್ಮುಟ್ ಸ್ಮಿತ್ ಟಿವಿ ಸ್ಟುಡಿಯೋಗಳಲ್ಲೇ ಸೇದುತ್ತಿದ್ದರು. ಸಂದರ್ಶಕರು ಅವರ ಮುಂದೆ ಬೂದಿಬಟ್ಟಲು ಇಟ್ಟುಕೊಟ್ಟು ಸಂದರ್ಶನ ಮಾಡುತ್ತಿದ್ದರು. 2008ರ ಜನವರಿಯಲ್ಲಿ ಹ್ಯಾಂಬರ್ಗಿನ ರಂಗಮಂದಿರವೊಂದರಲ್ಲಿ ಹೆಂಡತಿಯೊಂದಿಗೆ ಸೇದಿದರೆಂದು ದೂರು ದಾಖಲಾಯಿತು, ಮುಂದುವರಿಯಲಿಲ್ಲ. 2015ರಲ್ಲಿ ತೊಂಬತ್ತಾರನೆಯ ವಯಸ್ಸಿಗೆ ತೀರಿಕೊಂಡರು. ಸಿಗರೇಟು ಏನೂ ಮಾಡುವುದಿಲ್ಲ ಎನ್ನುವವರಿಗೆ ಇಂದಿಗೂ ಅವರೇ ಸಾಕ್ಷಿ. ತಂಬಾಕಿನಿಂದ 2018ರಲ್ಲಿ ಜರ್ಮನಿಯಲ್ಲಿ ಸತ್ತರೆಂದು ಅಂದಾಜಿಸಿದ 1,27,000 ಜನ ಟಿವಿಗೆ ಬರುವುದಿಲ್ಲ. ಸ್ಮಿತ್ ಬದುಕಿದ್ದಾಗಲೇ ಡ್ಯೂಸೆಲ್‌ಡಾರ್ಫಿನ ಒಬ್ಬ ಪಿಂಚಣಿದಾರರಿಗೆ ನಾಲ್ಕು ದಶಕ ಬಾಳಿದ ಬಾಡಿಗೆ ಮನೆ ಬಿಡಲು ನೋಟಿಸು ಬಂತು. ತಮ್ಮ ಮನೆಯೊಳಗೇ ಅವರು ಸೇದಿದ ಹೊಗೆ ಮೆಟ್ಟಿಲವರೆಗೆ ಬರುತ್ತದೆಂಬುದು ಆರೋಪ. 2013ರಲ್ಲಿ ಸೋತರು, ಪ್ರಕರಣ 2015ರಲ್ಲಿ ಸರ್ವೋಚ್ಚ ಸಿವಿಲ್ ನ್ಯಾಯಾಲಯದವರೆಗೂ ಹೋಗಿ ವಾಪಸಾಯಿತು, ಕೊನೆಗೆ 2016ರಲ್ಲಿ ಗೆದ್ದು ಮನೆ ಉಳಿಸಿಕೊಂಡರು. ಕಿಟಕಿ ಸಾಕಷ್ಟು ತೆರೆದರೇ, ಬೂದಿಬಟ್ಟಲು ಖಾಲಿ ಮಾಡಿದರೇ ಎಂಬುದರ ಮೇಲೇ ವಾದ ನಡೆಯಿತು. ಹೊಗೆಯಿಂದ ನರಳುವ ನೆರೆಯವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ವಯಸ್ಸಿನ ವ್ಯಸನಿಯ ಸಮಸ್ಯೆಯನ್ನು ಕಿಟಕಿಯ ಲೆಕ್ಕದಲ್ಲಿ ಬಗೆಹರಿಸಲು ವರ್ಷಗಟ್ಟಲೆ ನ್ಯಾಯಾಧೀಶರು ಕೂರಬೇಕಾಯಿತು.

2021ರಲ್ಲಿ ಸಂಸತ್ತು ತನ್ನ ಹಳೆಯ ತಪ್ಪನ್ನು ಅರ್ಧ ತಿದ್ದಿತು: ಗಂಭೀರ ತಂಬಾಕು ವ್ಯಸನಿಗಳಿಗೆ, ಮಾನ್ಯ ಬಿಡಿಸುವ ಕಾರ್ಯಕ್ರಮಕ್ಕೆ ಸೇರಿದ್ದರೆ, ವಿಮೆಯಿಂದ ಔಷಧಿ. ಮತ್ತೊಮ್ಮೆ ಬೇಕಾದರೆ ಮೂರು ವರ್ಷ ಕಾಯಬೇಕು. ಯಾವ ಔಷಧಿ ಎಂದು ಸಂಬಂಧಪಟ್ಟ ಸಮಿತಿ ತೀರ್ಮಾನಿಸಿದ್ದು 2025ರಲ್ಲಿ. ಚಟ ಬಿಟ್ಟವರು ಮತ್ತೆ ಮತ್ತೆ ಮರಳಿ ಬೀಳುವುದು ಸಾಮಾನ್ಯವಾಗಿರುವಾಗ ಮೂರು ವರ್ಷದ ಈ ಷರತ್ತು ಯಾರ ತಲೆಯಿಂದ ಬಂತೋ.

ನಮ್ಮಲ್ಲೂ ಕಾನೂನು ಬಿಗಿಯಾಗುತ್ತಿದೆ. ಕರ್ನಾಟಕ 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು ಇಪ್ಪತ್ತೊಂದಕ್ಕೆ, ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಏರಿಸಿತು. ಬಸ್ ನಿಲ್ದಾಣದಲ್ಲಿ ಬೀಡಿ ಹಚ್ಚಿದ ಕೂಲಿಯವನಿಗೆ ಅದು ದಿನದ ಸಂಪಾದನೆಯನ್ನೂ ಮೀರಬಹುದು. ದಂಡ ಹಾಕಲಿ, ಆ ರಸೀದಿಯ ಹಿಂದೆಯೇ ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿಯ ಸಂಖ್ಯೆಯನ್ನೂ ಅಚ್ಚು ಹಾಕಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ನಿಕೋಟಿನ್ ಗಮ್ ಸಿಗುವಂತೆ ಮಾಡಲಿ. ಓದುಗರಲ್ಲಿ ಯಾರಿಗಾದರೂ ಅಷ್ಟರವರೆಗೆ ಕಾಯಲು ಆಗದಿದ್ದರೆ, ಆ ಸಂಖ್ಯೆ 1800-11-2356. ಸಿಗರೇಟು ಪ್ಯಾಕಿನ ಮೇಲೂ ಇದೆ.